ಸಾಹೇಬರ ಗಾಳಕ್ಕೆ ಬಿದ್ದದ್ದು

"ಇದ್ಯಾರ ಕೈಯೋ ಇದು? ನಿಮ್ಮಪ್ಪಂದಾ?"

ಬೋಟಿನ ಧಣಿ ಮೊಬೈಲನ್ನು ಮುಳುಗನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ಫೋಟೊದಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ದೊಡ್ಡ ಮೀನೊಂದನ್ನು ಮಗುವಿನಂತೆ ಅಪ್ಪಿಕೊಂಡು ಹಲ್ಲು ಕಿರಿಯುತ್ತಿದ್ದ. ಮೀನಿನ ಬಾಲದ ಹತ್ತಿರ, ನೀರಲ್ಲಿ ನೆನೆದು ಸುಕ್ಕುಗಟ್ಟಿದ ಕರಿ ಕೈಯೊಂದು ಇಣುಕಿತ್ತು.

"ನಂದೇ ಧಣಿ. ಮೀನು ಜಾರ್ತಿತ್ತು. ಅವರಿಗೆ ಹಿಡ್ಕೊಳ್ಳೋಕೆ ಬರ್ಲಿಲ್ಲ."

"ಜಾರಿದ್ರೆ ಜಾರ್ಲಿ! ಆ ಮನುಷ್ಯ ಸಮುದ್ರದ ಜೊತೆ ಕುಸ್ತಿ ಆಡಿ ಮೀನು ಹಿಡಿದೋನು ಕಣೋ. ಅವನ ಮನೆ ಗೋಡೆ ಮೇಲೆ ನಿನ್ನ ಹಲ್ಕಾ ಕೈ ಬೇಕಾ? ನಾಳೆ ಸಾಹೇಬ್ರು ಬರ್ತಾರೆ. ಕೈ ಹಾಗಿರ್ಲಿ, ನಿನ್ನ ನೆರಳು ಫೋಟೊದಲ್ಲಿ ಬಿತ್ತೋ, ಚರ್ಮ ಸುಲಿದು ಬೋಟಿಗೆ ಹೊದಿಕೆ ಹೊಲಿಸ್ತೀನಿ, ಬೋಳಿಮಗನೆ!"

"ಆಗ್ಲಿ ಧಣಿ" ಎಂದ ಮುಳುಗ. ಹೊದಿಕೆ ಹೊಲಿಸುವುದಕ್ಕೋ, ನೆರಳು ಅಡಗಿಸುವುದಕ್ಕೋ, ಯಾವುದಕ್ಕೆ ಒಪ್ಪಿದ ಎಂದು ಅವನಿಗೂ ಗೊತ್ತಾಗಲಿಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಕೆಲಸದಿಂದ ಬಂದ ಹೆಸರು ಮುಳುಗ. ಧಣಿಯ ಬೋಟು ದುಡ್ಡಿದ್ದವರನ್ನು ಮೀನು ಬೇಟೆಗೆ ಕರೆದೊಯ್ಯುವ ಬೋಟು. ಆದರೆ ಸಮುದ್ರದ ಮೀನುಗಳಿಗೆ ದುಡ್ಡಿದ್ದವರೆಂದರೆ ಮರ್ಯಾದೆಯೇ ಇಲ್ಲ. ಎಷ್ಟೇ ದೊಡ್ಡ ಮನುಷ್ಯ ಗಾಳ ಇಳಿಬಿಟ್ಟರೂ ತಮ್ಮ ಪಾಡಿಗೆ ತಾವು ಹೋಗುತ್ತವೆ. ಈ ಅವಮರ್ಯಾದೆಯನ್ನು ಸರಿಪಡಿಸಲು ಧಣಿ ಮುಳುಗನನ್ನು ಇಟ್ಟುಕೊಂಡಿದ್ದ. ಹಿಂದಿನ ದಿನವೇ ಹಿಡಿದ ಮೀನು ಬೋಟಿನ ತಳದ ತೊಟ್ಟಿಯಲ್ಲಿ ಜೀವ ಹಿಡಿದುಕೊಂಡು ಇರುತ್ತದೆ. ಅತಿಥಿ ಆಕಳಿಸಲು ಶುರುಮಾಡಿದೊಡನೆ ಧಣಿ ಜೋರಾಗಿ ಕೆಮ್ಮುತ್ತಾನೆ. "ಫ್ಯಾನಿಗೆ ಪಾಚಿ ಸುತ್ಕೊಂಡಿದೆ" ಎಂದು ಗೊಣಗುತ್ತ ಮುಳುಗ ಎಂಜಿನ್ನಿನ ಫ್ಯಾನಿರುವ ಹಿಂಬದಿಯಿಂದ ನೀರಿಗಿಳಿಯುತ್ತಾನೆ. ಮೀನನ್ನು ಚೀಲದಲ್ಲಿ ಹಿಡಿದು ಬೋಟಿನ ಅಡಿಯಿಂದ ಈಜಿ, ಗಾಳಕ್ಕೆ ಸಿಕ್ಕಿಸಿ, ದಾರ ಜಗ್ಗುತ್ತಾನೆ. ಮೇಲೆ ಒಬ್ಬ ವೀರ ಹುಟ್ಟುತ್ತಾನೆ.

ಬೋರ್ಡಿನಲ್ಲಿ ಬರೆದದ್ದು 'ಆಳ ಸಮುದ್ರದ ಬೇಟೆ' ಎಂದು. ಆಳ ಸಮುದ್ರಕ್ಕೆ ಹೋದರೆ ವೀರರು ವಾಂತಿ ಮಾಡಿಕೊಳ್ಳುತ್ತಾರೆ. ಹಾಗಾಗಿ ಬೋಟು ಕಲ್ಲಿನ ತಡೆಗೋಡೆಗೆ ಒಂದು ಸುತ್ತು ಹಾಕಿ, ಜೆಟ್ಟಿಯಿಂದ ಕೂಗಿದರೆ ಕೇಳುವಷ್ಟು ಆಳ ಸಮುದ್ರದಲ್ಲಿ ಲಂಗರು ಇಳಿಸುತ್ತದೆ. ವಾಪಸು ಬಂದ ಮೇಲೆ ಜೆಟ್ಟಿಯ ತಕ್ಕಡಿಗೆ ಮೀನನ್ನು ನೇತುಹಾಕಿ ಫೋಟೊ. ಫೋಟೊ ಆದ ಮೇಲೆ ಪಕ್ಕದ ಕಲ್ಲು ಮೇಜಿನ ಮೇಲೆ ಮೀನು ಕೊಯ್ಯುವವಳು ಮುಳುಗನ ಹೆಂಡತಿ. ಅತಿಥಿಗಳ ಜೊತೆ ಆಡಲು ಧಣಿ ಅವಳಿಗೆ ಕೊಟ್ಟಿದ್ದು ಒಂದೇ ಮಾತು: "ತಲೆ ಇರ್ಲಾ ಸಾರ್, ತೆಗೀಲಾ?"

ಈಗ ಮೀನು ಮೊಟ್ಟೆಯಿಡುವ ಕಾಲ. ಹಿಡಿಯಬಾರದು ಎಂದು ಕಾನೂನು. ಅದರ ಬಗ್ಗೆ ಮುಳುಗನಿಗೇನೂ ತಕರಾರಿರಲಿಲ್ಲ. ಕಾನೂನು ಹುಟ್ಟುವ ಮುಂಚೆಯೇ ಅವನಪ್ಪ ಈ ದಿನಗಳಲ್ಲಿ ಬಲೆ ಒಣಹಾಕುತ್ತಿದ್ದ. ಆದರೆ ಕಾಯಿಲೆ ಬಿದ್ದೆದ್ದ ಅತ್ತೆ, "ಬಾಯೆಲ್ಲ ಕಹಿ ಕಣಪ್ಪಾ, ಒಂದು ಚೂರು ಮೀನು ಸಿಕ್ಕಿದ್ರೆ" ಎಂದಳು. ಅವನು ಅಪ್ಪನ ದೋಣಿ ತೆಗೆದುಕೊಂಡು ಬಂಡೆಯ ಹತ್ತಿರ ಹೋಗಿ ಕೈಗಾಳದಿಂದ ಅಂಗೈಯಗಲದ ಒಂದು ಮೀನು ಹಿಡಿದ. ನಾಳೆ ಬರಲಿರುವ ಇದೇ ಮೀನುಗಾರಿಕೆ ಇಲಾಖೆಯ ಸಾಹೇಬರ ಗಸ್ತು ಬೋಟು ಬಂತು. ಮೀನು ಸಾಕ್ಷಿಯಾಯಿತು, ದೋಣಿ ಮುಟ್ಟುಗೋಲಾಯಿತು. ಸಾಕ್ಷಿಯನ್ನು ಅವತ್ತೇ ಯಾರೋ ಹುರಿದು ತಿಂದರು.

ಧಣಿಯ ಬೋಟಿಗೆ ಮಾತ್ರ ಈ ಕಾನೂನು ತಗಲುವುದಿಲ್ಲ. ಹೊಟ್ಟೆಗೆ ಹಿಡಿದರೆ ಅಪರಾಧ, ಮೋಜಿಗೆ ಹಿಡಿದರೆ ಕ್ರೀಡೆ.

ಸದ್ಯದಲ್ಲೇ ನಿಷೇಧ ಮುಗಿಯುವುದಿತ್ತು. ಅಷ್ಟರಲ್ಲಿ ದೋಣಿ ಕೈಗೆ ಬಂದರೆ ಮುಳುಗ ಮತ್ತೆ ತನ್ನ ಕೆಲಸಕ್ಕೆ ತಾನೇ ಯಜಮಾನ. ಬರದಿದ್ದರೆ ವರ್ಷಪೂರ್ತಿ ಧಣಿಯ ಕೆಮ್ಮಿಗೆ ಕಿವಿಗೊಟ್ಟು ಬದುಕಬೇಕು. "ಸಾಹೇಬ್ರಿಗೆ ದೊಡ್ಡ ಮೀನು ಬೀಳಿಸು, ನಿನ್ನ ದೋಣಿ ಬಿಡಿಸೋ ಭಾರ ನಂದು. ಮಾತಂದ್ರೆ ಮಾತು" ಎಂದಿದ್ದ ಧಣಿ. ದೊಡ್ಡ ಮೀನು ಎಲ್ಲಿಂದ ತರಬೇಕು? ಯಾವ ಬಂಡೆಯ ಹತ್ತಿರ ಹೋಗಿದ್ದಕ್ಕೆ ದೋಣಿ ಹೋಯಿತೋ ಅದೇ ಬಂಡೆಗೆ ಧಣಿಯ ಬೋಟಿನಲ್ಲೇ ಹೋಗಿ ಹಿಡಿದು ತಂದ. ತೊಟ್ಟಿಗೆ ಇಳಿಸುವಾಗ ಕೈ ತಾಗಿ ಗೊತ್ತಾಯಿತು, ಹೊಟ್ಟೆ ತುಂಬ ಮೊಟ್ಟೆ.

"ಆ ಮನುಷ್ಯನ ಮಾತು ನೀರ ಮೇಲೆ ಬರೆದ ಹಾಗೆ" ಎಂದಳು ಹೆಂಡತಿ ಸಂಜೆ, ಉಗುರಿನೊಳಗಿನ ಮೀನಿನ ಹುರುಪೆ ಕೀಳುತ್ತ. "ನಂಬಬೇಡ ನೀನು."

"ನಮ್ಮಪ್ಪ ಕಟ್ಟಿದ ದೋಣಿ ಕಣೇ. ಬೇಕಾದ್ರೆ ಸಾಹೇಬನ ಕಾಲೂ ಹಿಡೀತೀನಿ."

"ಹಿಡಿ, ಬೇಡ ಅಂದೋರ್ಯಾರು? ಹಿಡಿದ ಮೇಲೆ ಎಳೆಯೋದು ಮರೀಬೇಡ."

ಒಳಗಿನಿಂದ ಅತ್ತೆ ನಕ್ಕಿದ್ದು ಕೇಳಿಸಿತು. ಅವಳ ಬಾಯಿ ಇನ್ನೂ ಕಹಿಯಾಗಿಯೇ ಇತ್ತು.

ಮರುದಿನ ಸಾಹೇಬರು ಮೈಯೆಲ್ಲ ಜೇಬಿರುವ ಅಂಗಿ ತೊಟ್ಟು ಬಂದರು. ಒಂದು ಜೇಬಿನಲ್ಲೂ ಏನೂ ಇರಲಿಲ್ಲ. ಜೊತೆಗೆ ಅವರ ಭಾವಮೈದ. ಭಾವ ಉಸಿರಾಡುವುದನ್ನೂ ಬಿಡದೆ ಮೊಬೈಲಿನಲ್ಲಿ ನೇರಪ್ರಸಾರ ಮಾಡುವುದು ಅವನ ಕೆಲಸ. ಧಣಿ ಸಾಹೇಬರನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದು, ಗಾಳದ ಕೋಲನ್ನು ಅದಕ್ಕೆ ಕೊಕ್ಕೆ ಹಾಕಿ ಭದ್ರಮಾಡಿದ.

"ಇದ್ಯಾಕ್ರೀ?"

"ನಿಮ್ಮ ಗಾಳಕ್ಕೆ ಬೀಳೋ ಮೀನು ಸಾಮಾನ್ಯದ್ದಾಗಿರುತ್ತಾ ಸಾರ್? ನಿಮ್ಮನ್ನೇ ಎಳ್ಕೊಂಡು ಹೋದ್ರೆ ನಾವೇನು ಮಾಡೋಣ?"

ಸಾಹೇಬರಿಗೆ ಅದು ಬಹಳ ಹಿಡಿಸಿತು. ಸಿಗರೇಟು ಹಚ್ಚಿದರು. ಬೂದಿ ಬೆಳೆದಾಗ ಅತ್ತಿತ್ತ ನೋಡಿ, "ಏಯ್, ಬಾ ಇಲ್ಲಿ. ಕೈ ಚಾಚು" ಎಂದರು. ಮುಳುಗ ಕೈ ಚಾಚಿದ. ಸಾಹೇಬರು ಅವನ ಅಂಗೈಗೆ ಬೂದಿ ಕೊಡವಿದರು.

"ಸಮುದ್ರಕ್ಕೆ ಹಾಕಬಾರದು. ಪರಿಸರ" ಎಂದು ಮೊಬೈಲಿನ ಕಡೆ ತಿರುಗಿ ಹೇಳಿದರು. ಭಾವಮೈದ, "ಅದ್ಭುತ ಭಾವ, ಜನ ಹೃದಯ ಕಳಿಸ್ತಿದ್ದಾರೆ" ಎಂದ. ಅಂಗೈ ಚುರ್ ಎಂದರೂ ಮುಳುಗ ಕೈ ಹಿಂದೆಗೆಯಲಿಲ್ಲ. ಸಿಗರೇಟು ಮುಗಿದಾಗ ಅದನ್ನು ಅವನ ಅಂಗೈಯಲ್ಲೇ, ಒದ್ದೆಯಿದ್ದ ಜಾಗ ನೋಡಿ, ಆರಿಸಿದರು. ಅಷ್ಟು ದಯೆ ಇತ್ತು.

ದೇಹಿ ಎಂದು ಕೇಳಲು ಇದೇ ಹೊತ್ತು ಎನಿಸಿತು ಅವನಿಗೆ.

"ಸಾಹೇಬ್ರೆ, ನಂದೊಂದು ದೋಣಿ ನಿಮ್ಮ ಆಫೀಸಲ್ಲಿದೆ. ನೀಲಿ ಬಣ್ಣದ್ದು, ಮೂತಿಗೆ ತಗಡು ಹೊಡೆದಿರೋದು. ತಪ್ಪಾಯ್ತು. ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಡಬೇಕು."

"ನೀಲಿದಾ? ತಗಡಿಂದು?" ಸಾಹೇಬರು ಹುಬ್ಬೇರಿಸಿದರು. "ಅದು ಆಫೀಸಲ್ಲೆಲ್ಲಿದೆಯೋ? ನಿಮ್ಮ ಧಣಿ ಹೊಸ ರೂಮಲ್ಲಿದೆಯಲ್ಲ! ನಡುವಿಗೆ ಗರಗಸ ಹಾಕಿ, ಎದ್ದು ನಿಲ್ಲಿಸಿ, ಒಳಗೆ ಅಡ್ಡಹಲಗೆ ಹೊಡೆಸಿ ಬಾಟ್ಲಿ ಇಟ್ಟಿದ್ದಾರೆ. ನಿನ್ನೆ ಅಲ್ಲೇ ಕೂತು ಕುಡಿದ್ವಿ. ಏನು ಚೆಂದ ಅಂತೀಯ! ಹಳೇ ಮರದ ಗತ್ತೇ ಬೇರೆ."

ಧಣಿ ಕೆಮ್ಮಿದ. ಗಂಟಲಲ್ಲಿ ಮುಳ್ಳು ಸಿಕ್ಕವನಂತೆ ಮುಖ ಕೆಂಪಗೆ ಮಾಡಿಕೊಂಡು ಮತ್ತೆ ಮತ್ತೆ ಕೆಮ್ಮಿದ.

ಮುಳುಗನಿಗೆ ಮೊದಲು ಏನೂ ಅನಿಸಲಿಲ್ಲ. ಆಮೇಲೆ ಅಪ್ಪ ಆ ದೋಣಿಯ ಹಲಗೆಗಳ ಸಂದಿಗೆ ಹತ್ತಿ ತುಂಬುತ್ತ ಕೂತಿದ್ದ ಭಂಗಿ ಕಣ್ಣಿಗೆ ಕಟ್ಟಿತು. ನಡುವಿಗೆ ಗರಗಸ. ಆದರೂ ಅವನ ಬಾಯಿಂದ ಬಂದದ್ದು ದಿನನಿತ್ಯದ ಮಾತೇ.

"ಕೆಮ್ಮಿದ್ರಲ್ಲ ಧಣಿ. ಫ್ಯಾನಿಗೆ ಪಾಚಿ ಸುತ್ಕೊಂಡಿದೆ, ನೋಡ್ತೀನಿ."

"ಲೋ, ಈಗ ಅಲ್ವೋ..." ಎನ್ನುವಷ್ಟರಲ್ಲಿ ಅವನು ಮೀನಿನ ಚೀಲ ಹಿಡಿದು ನೀರಿನಲ್ಲಿದ್ದ.

ಬೋಟಿನ ಅಡಿ ತಣ್ಣಗಿತ್ತು. ಚೀಲದ ಬಾಯಿ ಬಿಚ್ಚಿದ. ಬಸುರಿ ಮೀನು ಅರೆಗಳಿಗೆ ಅವನ ಅಂಗೈ ಮೇಲೆಯೇ ಕಿವಿರಾಡಿಸುತ್ತ ನಿಂತಿತು, ಬಿಟ್ಟದ್ದು ನಿಜವೇ ಎಂದು ನಂಬಿಕೆ ಬರದ ಹಾಗೆ. ಹೋಗವ್ವಾ, ನೀನಾದರೂ ಹೋಗು ಎಂದುಕೊಂಡ. ಅದು ಬಂಡೆಯ ದಿಕ್ಕಿಗೆ ಬಾಲ ಬೀಸಿತು. ಎದುರಿಗೆ ಸಾಹೇಬರ ಗಾಳ ತೂಗಾಡುತ್ತಿತ್ತು. ಅದನ್ನು ಹಿಡಿದು, ತನ್ನ ಸೊಂಟಕ್ಕೆ ಬಿಗಿದಿದ್ದ ಹಗ್ಗಕ್ಕೆ ಸಿಕ್ಕಿಸಿಕೊಂಡು, ದಾರವನ್ನು ಬಲವಾಗಿ ಜಗ್ಗಿದ.

"ಬಿತ್ತು! ಬಿತ್ತು ಕಣೋ! ಅಯ್ಯೋ ಏನು ಭಾರ!"

"ಭಾವ, ಬಿಡ್ಬೇಡಿ ಭಾವ! ಎಲ್ಲರೂ ನೋಡ್ತಿದ್ದಾರೆ!"

ಸಾಹೇಬರ ಮೋಜಿಗೆ ಕಡಿಮೆಯಾಗಬಾರದು ಎಂದು ಮುಳುಗ ಚೆನ್ನಾಗಿಯೇ ಒದ್ದಾಡಿದ. ಎಡಕ್ಕೆಳೆದ, ಬಲಕ್ಕೆಳೆದ. ಮೇಲೆ ದಾರ ಸುತ್ತಿದ್ದ ಚರಕಿ ಕಿರ್ರೆಂದು ತಿರುಗಿತು. ಉಸಿರು ಸಾಲದೆ ಬಂದಾಗ ಬೋಟಿನ ಮುಂದೆಯೇ ತಲೆ ಎತ್ತಿ, ಕೂದಲು ಹಿಂದಕ್ಕೆ ಸವರಿಕೊಂಡು, ಮೊಬೈಲಿಗೆ ನೇರ ಮುಖ ಕೊಟ್ಟ.

"ಎಳೀರಿ ಸಾಹೇಬ್ರೆ! ಸೀಜನ್ನಿನ ಒಳ್ಳೇ ಮೀನು. ನಿಷೇಧದಲ್ಲಿ ಹಿಡಿದಿದ್ದೀರಿ, ಪರವಾಗಿಲ್ಲ, ಕ್ರೀಡೆ!"

ಹೃದಯ ಕಳಿಸುತ್ತಿದ್ದವರು ಏನು ಕಳಿಸಿದರೋ. ಭಾವಮೈದ ಬಾಯಿ ತೆರೆದವನು ಮುಚ್ಚಲಿಲ್ಲ. ಪ್ರಸಾರ ನಿಲ್ಲಿಸುವುದನ್ನೂ ಮರೆತ. "ಬಿಚ್ರೀ ಇದನ್ನ, ಬಿಚ್ರೀ!" ಎಂದು ಸಾಹೇಬರು ಸೊಂಟದ ಪಟ್ಟಿ ಕಿತ್ತಾಡಿದರು. ಕೊಕ್ಕೆ ಬಿಗಿಯಾಗಿತ್ತು, ಧಣಿ ಅದನ್ನು ತಪ್ಪು ದಿಕ್ಕಿಗೇ ತಿರುಗಿಸುತ್ತಿದ್ದ. ಮುಳುಗ ತಿರುಗಿ ಜೆಟ್ಟಿಯ ಕಡೆ ಈಜತೊಡಗಿದ. ದಾರ ಬಿಚ್ಚಿಕೊಳ್ಳುತ್ತ ಅವನ ಹಿಂದೆ ಬಂತು. ದಾರದ ಹಿಂದೆ, ಲಂಗರು ಎತ್ತಿ, ಎಂಜಿನ್ನು ಶುರುಮಾಡಿ, ಬೈಗುಳ ಸುರಿಸುತ್ತ, ಬೋಟು ಬಂತು.

ಜೆಟ್ಟಿಯಲ್ಲಿ ಮುಂದಿನ ಸರದಿಯ ಅತಿಥಿಗಳು ಟೋಪಿ ಹಾಕಿಕೊಂಡು ಕಾಯುತ್ತಿದ್ದರು. ನೀರಿಳಿಸುತ್ತ ಮೆಟ್ಟಿಲು ಹತ್ತಿಬಂದ ಮುಳುಗ ಅವರನ್ನು ದಾಟಿ ನೇರ ತಕ್ಕಡಿಯ ಹತ್ತಿರ ಹೋದ. ಮೀನು ನೇತುಹಾಕುವ ಕೊಂಡಿಯನ್ನು ಎರಡೂ ಕೈಯಿಂದ ಹಿಡಿದು, ಕಾಲೆತ್ತಿ ಜೋತುಬಿದ್ದ. ತಕ್ಕಡಿಯ ಮುಳ್ಳು ಗರಗರ ತಿರುಗಿತು. ಸೊಂಟದ ಗಾಳದಿಂದ ಹೊರಟ ದಾರ ಜೆಟ್ಟಿಯುದ್ದಕ್ಕೂ ಹರಿದು, ಆಗತಾನೆ ಬೋಟಿನಿಂದಿಳಿದ ಸಾಹೇಬರ ಹೊಟ್ಟೆಯ ಮುಂದಿನ ಕೋಲಿಗೆ ಹೋಗಿ ಸೇರಿತ್ತು.

"ಇಳಿಯೋ ಸೂಳೆಮಗನೆ! ಕೆಲಸ ಹೋಯ್ತು ನಿಂದು! ಜೈಲಿಗೆ ಹಾಕಿಸ್ತೀನಿ!" ಧಣಿ ಅರಚಿದ.

"ಫೋಟೊ ತೆಗೀರಿ ಧಣಿ" ಎಂದ ಮುಳುಗ ಜೋತಾಡುತ್ತಲೇ. "ಈ ಸಲ ಕೈ ಪೂರ್ತಿ ಬರ್ಲಿ. ತೆಗೆದ್ಮೇಲೆ ನಮ್ಮಪ್ಪನ ದೋಣಿಯೊಳಗೆ ಬಾಟ್ಲಿ ಪಕ್ಕ ಇಟ್ಕೊಳ್ಳಿ."

ಕಲ್ಲು ಮೇಜಿನ ಹಿಂದಿದ್ದ ಹೆಂಡತಿಗೆ 'ನಮ್ಮಪ್ಪನ ದೋಣಿ', 'ಬಾಟ್ಲಿ' ಎಂಬ ಮಾತುಗಳೇ ಸಾಕಾದವು. ಗಂಡನ ಮುಖ ನೋಡಿದಳು, ಸೊಂಟದ ಗಾಳ ನೋಡಿದಳು, ದಾರದ ಇನ್ನೊಂದು ತುದಿಯವರೆಗೂ ಕಣ್ಣು ಹರಿಸಿದಳು. ದೊಡ್ಡ ಕತ್ತಿ ತೆಗೆದುಕೊಂಡು ಕಲ್ಲಿಗೆ ಈಚೆಗೊಮ್ಮೆ ಆಚೆಗೊಮ್ಮೆ ಮಸೆದಳು. ಆಮೇಲೆ ಮೇಜು ಬಿಟ್ಟು, ದಾರವನ್ನು ಎಡಗೈಯಲ್ಲಿ ಸುತ್ತಿಕೊಳ್ಳುತ್ತ, ಒಂದೊಂದೇ ಹೆಜ್ಜೆ ನಡೆದು ಬಂದು ಸಾಹೇಬರ ಎದುರು ನಿಂತಳು. ಮೊಬೈಲಿನಲ್ಲಿ ಪ್ರಸಾರ ಇನ್ನೂ ನಡೆದೇ ಇತ್ತು.

ಧಣಿ ಕೊಟ್ಟ ಮಾತನ್ನು, ಧಣಿ ಕಲಿಸಿದ ಅದೇ ವಿನಯದ ದನಿಯಲ್ಲಿ ಕೇಳಿದಳು.

"ತಲೆ ಇರ್ಲಾ ಸಾರ್, ತೆಗೀಲಾ?"