ರೋಗವಿಲ್ಲದವಳ ರಕ್ತ

ಬೆಳಗಾದರೆ ನೆರೇಯ್ಡಾಳ ಬೆರಳುಗಳು ಮಡಚುವುದಿಲ್ಲ. ಬಾಳೆಕಾಯಿ ಸುಲಿಯಲೂ ಅಕ್ಕ ಮಿಗ್ದಾಲಿಯಾ ಬರಬೇಕು. ಕಾಯಿಲೆಯ ಹೆಸರು ಲೂಪಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುತ್ತದೆ. ಅದೇಕೆ ಎಂದು ಹುಡುಕುತ್ತಿರುವ, ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನ ಖಾಸಗಿ ಸಂಶೋಧನಾ ಸಂಸ್ಥೆಯವರು ಅಕ್ಕನ ರಕ್ತವನ್ನೂ ಕೇಳಿದ್ದರು. ಕೊಡಲು ಶುಕ್ರವಾರ ಕಡೆಯ ದಿನ. ತಂಗಿ ಆಸೆಯಿಂದ ಕಾಯುತ್ತಿದ್ದಳು. ಅಕ್ಕ ಮಾತು ಮರೆಸುತ್ತಿದ್ದಳು.

ಭಾನುವಾರ ಬ್ರಾಂಕ್ಸ್‌ನ ಲಾಂಡ್ರಿಯಲ್ಲಿ, ಒಗೆಯುವ ಯಂತ್ರಗಳ ದುಂಡು ಗಾಜುಗಳ ಹಿಂದೆ ಬಟ್ಟೆಗಳು ಮೋಡಗಳಂತೆ ಏಳುತ್ತ ಬೀಳುತ್ತ ಇದ್ದವು. ಅದೇ ಸಂಸ್ಥೆಯಲ್ಲಿ ರಕ್ತ ತೆಗೆಯುವ ಕೆಲಸದ ಅವಿಲ್ಡಾ, ಪಕ್ಕದ ಮನೆಯವಳು, ಮಿಗ್ದಾಲಿಯಾಳ ಬಟ್ಟೆ ಮಡಚಿಕೊಡುತ್ತಿದ್ದಳು.

“ರೋಗ ಅವಳಿಗೆ. ನನ್ನ ರಕ್ತ ಯಾಕಂತೆ?” ಎಂದಳು ಮಿಗ್ದಾಲಿಯಾ.

“ನಿಂಗೆ ರೋಗ ಇಲ್ಲ, ಅದಕ್ಕೇ. ಈ ಅಂಗಿ ಮಾಸಿದ್ಯಾ ನೋಡು.”

“ಬೆಳ್ಳಗೇ ಇದೆಯಲ್ಲ.”

ಅವಿಲ್ಡಾ ಪಕ್ಕದಲ್ಲಿ ಹೊಸ ಅಂಗಿ ಹಿಡಿದಳು. ಹಳೆಯದು ಹಳದಿಯಾಗಿ ಕಂಡಿತು. “ಒಂದೇ ತಾಯಿ ಮಕ್ಕಳು ನೀವು. ಪಕ್ಕಪಕ್ಕ ಇಟ್ರೆ ತಾನೇ ಎಲ್ಲಿ ಬೇರೆ ಅಂತ ತಿಳಿಯೋದು?”

“ನನ್ನ ಗಂಡನ ಅಂಗಿ ಕಣೇ ಅದು. ಮರ್ಯಾದೆ ಉಳಿಸು.” ಮಿಗ್ದಾಲಿಯಾ ನಗುತ್ತ ಅಂಗಿ ಕಿತ್ತುಕೊಂಡಳು. ಅದನ್ನು ಮಡಚುತ್ತ ದನಿ ತಗ್ಗಿಸಿದಳು. “ಪೋರ್ಟೊ ರಿಕೊದಲ್ಲಿ ನಮ್ಮಜ್ಜಿಗೆ ಪರೀಕ್ಷೆ ಅಂತ ಹೇಳದೇನೇ ಹೊಸ ಗರ್ಭನಿರೋಧಕ ಮಾತ್ರೆ ನುಂಗಿಸಿ ನೋಡಿದ್ರು, ಅವಿಲ್ಡಾ.”

“ಗೊತ್ತು. ನಮ್ಮಜ್ಜಿಗೂ. ಅದಕ್ಕೇ ಒಪ್ಪಿಗೆ ಕಾಗದ ಓದದೆ ಸಹಿ ಹಾಕ್ಬೇಡ. ಸ್ಪ್ಯಾನಿಷ್‌ನಲ್ಲೂ ಇದೆ. ನಡುವೆ ಬೇಡ ಅನ್ನಿಸಿದ್ರೆ ಬಿಟ್ಟು ಬಾ, ಯಾರೂ ತಡೆಯೋ ಹಾಗಿಲ್ಲ.”

“ತಂಗಿಗೆ ಗುಣ ಆಗತ್ತಾ?”

ಅವಿಲ್ಡಾ ಇಲ್ಲವೆಂದು ತಲೆಯಾಡಿಸಿದಳು. “ಇದರಿಂದ ನಾಳೆ ಔಷಧಿ ಬರಲ್ಲ. ಬರತ್ತೆ ಅಂದ್ರೆ ನಾನು ಸುಳ್ಳಿ. ಮುಂದೆ ಯಾವಾಗಲೋ, ಯಾರಿಗೋ ದಾರಿ ಆಗಬಹುದು.”

ಆ ನಿಜವೇ ಮಿಗ್ದಾಲಿಯಾಳ ಭಯವನ್ನು ಸಡಿಲಿಸಿತು. ಗುರುವಾರ ಸಂಸ್ಥೆಯಲ್ಲಿ ಕೂತು ಕಾಗದವನ್ನು ಎರಡು ಸಲ ಓದಿದಳು. “ಉಳಿದ ರಕ್ತ ಬೇರೆ ಸಂಶೋಧನೆಗೆ ಕೊಡಬಹುದೇ?” ಎಂಬಲ್ಲಿ ‘ಬೇಡ’ ಎಂದು ಗುರುತು ಹಾಕಿದಳು. ಯಾರೂ ಮುಖ ಸಿಂಡರಿಸಲಿಲ್ಲ. ಆಮೇಲೆ ತೋಳು ಚಾಚಿದಳು. ತಂಗಿ ಅವಳ ಇನ್ನೊಂದು ಕೈ ಹಿಡಿದು ಕೂತಳು.

ಶೀತಲ ಪೆಟ್ಟಿಗೆಯ ಬಾಗಿಲು ತೆರೆದಾಗ ಬಿಳಿ ಮಂಜು ಮೆಲ್ಲಗೆ ನೆಲಕ್ಕಿಳಿಯಿತು. ಪೆಟ್ಟಿಗೆಯೊಳಗೆ ಇಬ್ಬರ ರಕ್ತದ ಸಣ್ಣ ಕೊಳವೆಗಳೆರಡು ಅಕ್ಕತಂಗಿಯರಂತೆ ಪಕ್ಕಪಕ್ಕ ಮಲಗಿದವು.

ಓದುತ್ತಿರುವವರೇ, ಸಂಶೋಧನೆಗೆ ನಿಮ್ಮನ್ನೂ ಯಾರಾದರೂ ಕರೆಯಬಹುದು. ಆರೋಗ್ಯವಾಗಿದ್ದೇನೆ, ನನ್ನಿಂದೇನು ಎನ್ನಬೇಡಿ. ಹೆದರಿ ಓಡಲೂಬೇಡಿ, ನಾಚಿ ಸಹಿ ಹಾಕಲೂಬೇಡಿ. ಕಾಗದ ಓದಿಸಿ ಕೇಳಿ, ತಿಳಿಯುವವರೆಗೆ ಪ್ರಶ್ನೆ ಮಾಡಿ. ಆಮೇಲೆ ನೀವು ಹೂಂ ಅಂದರೂ ಉಹೂಂ ಅಂದರೂ, ಆ ಮಾತು ನಿಮ್ಮದೇ ಆಗಿರಲಿ.