ದಾರದ ಮೇಲಿನ ಬೆರಳು

ಮಡಿವಾಳೆಪ್ಪನ ಬೆರಳುಗಳಿಗೆ ಜೋಮು ಹಿಡಿದದ್ದು ಹೋದ ಮಳೆಗಾಲದಲ್ಲಿ. ಕೂತಲ್ಲೇ ಕೂತರೆ ಯಾರಿಗಾದರೂ ಕಾಲು ಜೋಮು ಹಿಡಿಯುತ್ತದೆ, ಝಾಡಿಸಿದರೆ ಬಿಡುತ್ತದೆ. ಇವನದು ಬಿಡಲಿಲ್ಲ. ಹಳೆಯ ಸಕ್ಕರೆ ಕಾಯಿಲೆ ನರಕ್ಕಿಳಿದಿದೆ, ಇನ್ನು ಹೆಚ್ಚಾಗದಂತೆ ನೋಡಿಕೊಳ್ಳಬಹುದು ಅಷ್ಟೇ ಎಂದು ಡಾಕ್ಟರು ಹೇಳಿದರು. ಗಾಯವಾದರೂ ನಿಮಗೆ ಗೊತ್ತಾಗುವುದಿಲ್ಲ, ದಿನಾ ಕೈಕಾಲು ನೋಡಿಕೊಳ್ಳಿ ಎಂದೂ ಹೇಳಿ ಕಳಿಸಿದರು. ಬೈಲಹೊಂಗಲದ ಪೇಟೆಯಲ್ಲಿ ಅವನದು ಪಾತ್ರೆ, ಭಾಂಡೆ ಸಾಮಾನಿನ ಅಂಗಡಿ. ಗಿರಾಕಿಗೆ ತೋರಿಸಲು ಎತ್ತಿದ ಚರಿಗೆ ಕೈಯಿಂದ ಜಾರಿದ್ದು, ಅದು ನೆಲಕ್ಕೆ ಬಿದ್ದು ಸದ್ದಾದ ಮೇಲೆಯೇ ಅವನಿಗೆ ತಿಳಿಯುತ್ತಿತ್ತು. ಅಂಗಡಿಯನ್ನು ತಮ್ಮನ ಮಗನ ಕೈಗೆ ಕೊಟ್ಟು ಮನೆಯಲ್ಲಿ ಕೂತ.

ಅಂಗಡಿ ಬಿಟ್ಟದ್ದಕ್ಕೆ ಅವನು ಅಷ್ಟೇನೂ ಕೊರಗಲಿಲ್ಲ. ಕೊರಗಿದ್ದು ಗಾಳಕ್ಕೆ.

ಅವನ ಮನೆಯಲ್ಲಿ ಮೀನಿನ ಹೆಸರನ್ನೂ ಎತ್ತುವುದಿಲ್ಲ. ಆದರೆ ಸಾಲಿ ತಪ್ಪಿಸಿ ನನ್ನ ಜೊತೆ ಮಲಪ್ರಭೆಯ ದಂಡೆಗೆ ಬರುತ್ತಿದ್ದ ಕಾಲದಿಂದ ಅವನಿಗೆ ಗಾಳದ ಹುಚ್ಚು. ಹಿಡಿಯುತ್ತಿದ್ದ, ತಿನ್ನುತ್ತಿರಲಿಲ್ಲ. ಎರೆಹುಳು ಮುಟ್ಟುತ್ತಿರಲಿಲ್ಲ, ಶೇಂಗಾ ಹಿಂಡಿಗೆ ಜೋಳದ ಹಿಟ್ಟು, ಬೆಲ್ಲ ಸೇರಿಸಿ ನಾದಿ ಅದನ್ನೇ ಗಾಳದ ಮುಳ್ಳಿಗೆ ಸಿಕ್ಕಿಸುತ್ತಿದ್ದ. ಸಿಕ್ಕ ಮೀನು ನನ್ನ ಚೀಲಕ್ಕೆ. ಅದನ್ನು ನನ್ನ ಹೆಂಡತಿ ಕೃಷ್ಣವ್ವ ಸಾರು ಮಾಡುತ್ತಿದ್ದಳು. ರಾಡು, ರೀಲು ಎಲ್ಲ ನನ್ನ ಮನೆಯ ಅಟ್ಟದ ಮೇಲೆ. ಅವನು ತನ್ನ ಮನೆಗೆ ಹಿತ್ತಲಿನಿಂದ ಹೋಗಿ, ಎರಡು ತಂಬಿಗೆ ನೀರು ಸುರಿದುಕೊಂಡು, ವಿಭೂತಿ ಹಚ್ಚಿಕೊಂಡು ಒಳಗೆ ಕಾಲಿಡುತ್ತಿದ್ದ. ಎಲ್ಲಿಗೆ ಹೋಗಿದ್ದಿರಿ ಎಂದು ಅವನ ಹೆಂಡತಿ ಯಲ್ಲವ್ವ ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಉತ್ತರ ಕೇಳಬೇಕಾಗುತ್ತದಲ್ಲ.

ಅವನು ದಾರಕ್ಕೆ ತೇಲುವ ಬೆಂಡು ಕಟ್ಟುವವನಲ್ಲ. ಗಾಳವನ್ನು ತಳಕ್ಕೆ ಬಿಟ್ಟು, ದಾರವನ್ನು ಎಡಗೈಯ ತೋರುಬೆರಳ ಮೇಲೆ ಇಟ್ಟುಕೊಂಡು ಕೂಡುತ್ತಿದ್ದ. ಮೀನು ಹಿಟ್ಟಿಗೆ ಬಾಯಿ ಹಚ್ಚಿದ್ದು ಬೆರಳಿಗೆ ತಿಳಿಯುತ್ತಿತ್ತು. ಈಗ ಬೆರಳಿಗೇ ಏನೂ ತಿಳಿಯದು. ಸಂಕ್ರಾಂತಿ ಆದಮೇಲೆ ಕೆಲವು ಸಲ ಹೋದೆವು. ಪ್ರತಿ ಸಲ ದಾರ ಎಳೆದರೆ ಹಿಟ್ಟು ಮೀನಿನ ಪಾಲಾಗಿ ಬರಿ ಮುಳ್ಳು. ಕೊನೆಯ ಸಲ ಸ್ಕೂಟರ್ ಹತ್ತುವ ಮೊದಲು ಅವನು ಅಂದ:

"ಇನ್ನೊಂದ ಸಲ ನೋಡತೇನಿ, ಲಗಮಾ. ಆಗಲಿಲ್ಲಂದ್ರ ರಾಡು ನೀ ಇಟ್ಕೋ."

"ನನ್ನ ಮನ್ಯಾಗ ಐತೆಲ್ಲೋ ಅದು."

"ಹಂಗಲ್ಲ. ನೀನ ಇಟ್ಕೋ."

ಮರುದಿನ ಅವನನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಸಂಜುವಿನ ಮೊಬೈಲ್ ಅಂಗಡಿಗೆ ಕರೆದುಕೊಂಡು ಹೋದೆ. ಸಂಜುವಿಗೆ ಮೀನಿನ ಬಗ್ಗೆ ಏನೂ ಗೊತ್ತಿಲ್ಲ, ಆದರೆ ಜಗತ್ತಿನ ಯಾವ ಸಾಮಾನಾದರೂ ಅವನ ಫೋನಿನಲ್ಲಿ ಸಿಗುತ್ತದೆ.

"ಕಾಕಾ, ಇದನ್ನ ನೋಡ್ರಿ," ಅಂದ. "ನೀರಾಗ ಬಿಟ್ರ ಸ್ಕ್ರೀನಿನ್ಯಾಗ ಮೀನ ಕಾಣತಾವು. ಎಷ್ಟ ಆಳ ಐತಿ, ಎಲ್ಲಿ ಗುಂಪು ಐತಿ, ಎಲ್ಲಾ."

ಮಡಿವಾಳೆಪ್ಪ ಕನ್ನಡಕ ಏರಿಸಿದ. "ಮೀನ ಕಾಣತಾವಂತ ಲಗಮಾ."

"ಕಾಣತಾವು. ಟೀವಿ ನೋಡಿದಂಗ ನೋಡಕೋತ ಕುಂದ್ರು," ಅಂದೆ ನಾನು. "ಇದು ದೋಣ್ಯಾಗ ಅಡ್ಡಾಡಾವ್ರಿಗೆ. ದಂಡಿಮ್ಯಾಲ ಕುಂದ್ರಾವ್ರಿಗೆ ಯಾಕ ಬೇಕು? ಮೀನ ಎಲ್ಲಿ ಅದಾವಂತ ನಮಗ ಗೊತ್ತೈತಿ. ಕಚ್ಚಿದ್ದು ಗೊತ್ತಾಗವಲ್ದು. ಅಷ್ಟ ನಮ್ಮ ತ್ರಾಸು."

ನಾನು ಬಸ್ಸು ಓಡಿಸಿ ನಿವೃತ್ತನಾದವನು. ಬ್ರೇಕು ಸಡಿಲಾದರೆ ಬ್ರೇಕನ್ನೇ ಬಿಗಿ ಮಾಡಬೇಕು. ಹಾರ್ನ್ ಚೆಂದದ್ದು ಹಾಕಿಸಿದರೆ ಗಾಡಿ ನಿಲ್ಲುವುದಿಲ್ಲ.

ಸಂಜು ಇನ್ನೂ ಹುಡುಕಿ, ಕೈಬೆರಳುದ್ದದ ಒಂದು ಸಾಧನ ತೋರಿಸಿದ. ಅದನ್ನು ಗೂಟದ ತುದಿಗೆ ತಿರುಪಿ, ಗೂಟವನ್ನು ನೆಲಕ್ಕೆ ಊರಬೇಕು. ಅದರ ತಲೆಯ ಮೇಲಿನ ಕವಲಿನಲ್ಲಿ ರಾಡನ್ನು ಒರಗಿಸಬೇಕು. ದಾರ ಒಂದು ಸಣ್ಣ ಗಾಲಿಯ ಮೇಲೆ ಹಾದುಹೋಗುತ್ತದೆ. ಮೀನು ಎಳೆದರೆ ಗಾಲಿ ತಿರುಗುತ್ತದೆ, ಗಾಲಿ ತಿರುಗಿದರೆ ಅಲಾರಾಂ ಕೂಗುತ್ತದೆ, ಕೆಂಪು ದೀಪ ಹತ್ತುತ್ತದೆ.

ನಾನು ನನಗೆ ಬೇಕಾದದ್ದನ್ನು ಕೇಳಿದೆ. ಮಳೆ ಹನಿ ಬಿದ್ದರೆ ತಡೆಯುತ್ತದೆಯೇ? ಬ್ಯಾಟರಿ ಶೆಲ್ಲು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಸಿಗುವಂಥದ್ದೋ, ಇಲ್ಲ ಬೆಳಗಾವಿಗೆ ಹೋಗಬೇಕೋ? ಕೂಗು ಹೆಚ್ಚು ಕಡಿಮೆ ಮಾಡಲು ಬರುತ್ತದೆಯೇ? ಇಂಜಿನ್ನಿನ ಮಗ್ಗುಲಲ್ಲೇ ಕೂತು ನನ್ನ ಎಡಗಿವಿ ಮಂದವಾಗಿದೆ. ಜೇಬಿನಲ್ಲಿಟ್ಟುಕೊಂಡರೆ ನೀರಿನಿಂದ ದೂರವಿದ್ದರೂ ಕೂಗುವ ಇನ್ನೊಂದು ನಮೂನೆಯನ್ನೂ ಸಂಜು ತೋರಿಸಿದ.

"ಬ್ಯಾಡಪಾ," ಅಂದ ಮಡಿವಾಳೆಪ್ಪ. "ನಾ ಏನ ಚಾದ ಅಂಗಡ್ಯಾಗ ಕುಂತು ಮೀನ ಹಿಡೀತೇನ?"

ಸಂಜು ನಕ್ಕ. "ಒಬ್ರಿಗೆ ಬೆರಳಿಲ್ಲ, ಒಬ್ರಿಗೆ ಕಿವಿಯಿಲ್ಲ. ಇಬ್ರೂ ಕೂಡಿ ಒಂದು ಮೀನಕ್ಕ ಹೊಂಟೀರಿ."

"ಆ ಮೀನಕ್ಕೂ ವಯಸ್ಸಾಗಿರತೈತಿ ತಗೋ," ಅಂದೆ ನಾನು.

ಮೊದಲಿನದನ್ನೇ ತರಿಸಲು ಹೇಳಿದೆವು. ಪೆಟ್ಟಿಗೆ ಬಂದ ದಿನ ಸಂಜು ಅದನ್ನು ನನ್ನ ಮನೆಗೆ ಕೊಡುವ ಬದಲು ನೇರ ಮಡಿವಾಳೆಪ್ಪನ ಮನೆಗೇ ಮುಟ್ಟಿಸಿದ್ದ. ನಾನು ಹೋಗುವ ಹೊತ್ತಿಗೆ ಅದು ಪಡಸಾಲೆಯ ಮಂಚದ ಮೇಲೆ ಬಿಚ್ಚಿಕೊಂಡು ಕೂತಿತ್ತು. ಮಡಿವಾಳೆಪ್ಪ ಗಾಲಿಯನ್ನು ತಿರುಗಿಸಿದ. ಅಲಾರಾಂ ಮನೆ ತುಂಬ ಕೂಗಿತು. ಯಲ್ಲವ್ವ ಒಳಗಿನಿಂದ ಬಂದಳು.

"ಏನ್ರಿ ಇದು?"

ಮಡಿವಾಳೆಪ್ಪ ನನ್ನ ಮುಖ ನೋಡಿದ, ನಾನು ಬಾಗಿಲು ನೋಡಿದೆ.

"ಗಾಳದ್ದು," ಅಂದ.

ಅವಳು ಸರಕ್ಕನೆ ತಿರುಗಿ ಒಳಗೆ ಹೋದಳು. ಮುಗಿಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ತಾಟಿನಲ್ಲಿ ವಿಭೂತಿ, ಕುಂಕುಮ, ಒಂದು ತೆಂಗಿನಕಾಯಿ ಇಟ್ಟುಕೊಂಡು ಬಂದಳು.

"ಮನಿಗೆ ಹೊಸಾ ಮಶೀನು ಬಂದೈತಿ. ಪೂಜಿ ಇಲ್ಲದ ಹಂಗ ಒಯ್ಯತೀರೇನು?"

ಮಡಿವಾಳೆಪ್ಪ ಅಲಾರಾಂ ಹಿಡಿದುಕೊಂಡು ಹಾಗೇ ಕೂತ. ಅವಳು ನೀರಲ್ಲಿ ತೇಯ್ದ ವಿಭೂತಿಯನ್ನು ಅದಕ್ಕೆ ಬಳಿದಳು. ಕುಂಕುಮ ಕಲಸಿ ಬೆರಳಲ್ಲಿ ತೆಗೆದುಕೊಂಡು, "ಇದಕ್ಕ ಗಾಲಿ ಇದ್ದಂಗಿಲ್ಲ, ಎಲ್ಲಿ ಹಚ್ಚೂದು ಅಣ್ಣಾ?" ಎಂದು ನನ್ನನ್ನು ಕೇಳಿದಳು.

"ಐತಲ್ಲ ವೈನಿ, ಇಲ್ಲೈತಿ ನೋಡ್ರಿ ಸಣ್ಣದು. ಮೊದಲ ಗಾಲಿಗೆ ಹಚ್ಚಬೇಕು."

ದಸರೆಯ ಖಂಡೇಪೂಜೆಯ ದಿನ ಡಿಪೋದಲ್ಲಿ ಬಸ್ಸುಗಳ ಗಾಲಿಗೆ ನಾನು ಹಚ್ಚಿದ ಕುಂಕುಮಕ್ಕೆ ಲೆಕ್ಕವಿಲ್ಲ. ಅವಳು ಚೆನ್ನಾಗಿ ಒತ್ತಿ ಹಚ್ಚಿದಳು. ಕಾಯಿ ಒಡೆದು ನೀರು ಚಿಮುಕಿಸಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂದಳು:

"ಮನ್ಯಾಗ ಕುಂತು ಕುಂತು ಮಾರಿ ಸೊಟ್ಟ ಮಾಡ್ಯಾರ. ನನಗೂ ಸಾಕಾಗೇತಿ ನೋಡಿ ನೋಡಿ. ಕರಕೊಂಡ ಹೋಗ್ರಿ ಅಣ್ಣಾ. ಒಳಗ ಮಾತ್ರ ಏನೂ ತರೂದ ಬ್ಯಾಡ."

ಇಷ್ಟು ವರ್ಷ ನಾವು ಮುಚ್ಚಿಟ್ಟದ್ದನ್ನು ಅವಳೂ ನಮಗಾಗಿ ಮುಚ್ಚಿಟ್ಟಿದ್ದಳು ಎಂದು ಆಗ ಗೊತ್ತಾಯಿತು. ಮಡಿವಾಳೆಪ್ಪ ತಲೆ ಎತ್ತಲಿಲ್ಲ.

ಮರುದಿನ ಸೋಮವಾರ, ಶಿವನ ವಾರ, ಅವನು ಗಾಳ ಮುಟ್ಟುವುದಿಲ್ಲ. ಮಂಗಳವಾರ ನಸುಕಿನಲ್ಲಿ ಹೊರಟೆವು. ಸವದತ್ತಿಯ ಕಡೆಗೆ ಹೋಗಿ, ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿಗೆ ಇಳಿಯುವ ಮಣ್ಣಿನ ದಾರಿ ಹಿಡಿದಾಗ ಹೊತ್ತು ಮೂಡಿತ್ತು. ಬೇಸಿಗೆಗೆ ನೀರು ಹಿಂದೆ ಸರಿದಿತ್ತು. ಸ್ಕೂಟರ್ ನಿಲ್ಲಿಸಿದಲ್ಲಿಂದ ಒಣಗಿ ಬಿರುಕುಬಿಟ್ಟ ಕೆಸರಿನ ಮೇಲೆ ಬಹಳ ದೂರ ನಡೆಯಬೇಕು. ಅವನ ಪಾದಗಳಿಗೂ ಜೋಮು. ಕಾಲಿಡುವ ಮುಂಚೆ ನೆಲವನ್ನು ಕಣ್ಣಿನಿಂದ ನೋಡಿ ಇಡುತ್ತಿದ್ದ. ನಾನು ಸಾಮಾನು ಹೊತ್ತು ಹಿಂದೆ ಬಂದೆ. ದಂಡೆ ಮುಟ್ಟುವುದರೊಳಗೆ ಇಬ್ಬರಿಗೂ ಒಂದು ದಿನದ ಕೆಲಸ ಮುಗಿಸಿದಷ್ಟು ದಣಿವು.

ಗೂಟ ಊರಿ ಅಲಾರಾಂ ಕೂಡಿಸಿದೆ. ಗುಂಡಿ ಒತ್ತಿದೊಡನೆ ಒಮ್ಮೆ ಕುಂಯ್ ಅಂದಿತು, ದೀಪ ಮಿನುಗಿತು. ಸರಿಯಿದೆ ಎಂದು ನಂಬಿದೆವು. ಮಡಿವಾಳೆಪ್ಪ ಗಾಳ ಬೀಸಿದ. ಬೀಸುವುದು ಭುಜದ ಕೆಲಸ, ಅದು ಅವನಿಗೆ ಇನ್ನೂ ಇದೆ. ದಾರ ಹಾರಿ ಬೇಕಾದಲ್ಲೇ ಬಿತ್ತು. ಕೂತೆವು.

ಅಲಾರಾಂ ಸುಮ್ಮನಿತ್ತು. ಬಹಳ ಹೊತ್ತಾದ ಮೇಲೆ ಎಳೆದು ನೋಡಿದರೆ ಬರಿ ಮುಳ್ಳು. ಮತ್ತೆ ಹಿಟ್ಟು, ಮತ್ತೆ ಬೀಸು, ಮತ್ತೆ ಕೂಡು. ಮತ್ತೆ ಬರಿ ಮುಳ್ಳು. ನಾನು ಕೂಗು ಹೆಚ್ಚಿಸುವ ಗುಂಡಿ ತಿರುಗಿಸಿದೆ, ದೀಪ ನೋಡುತ್ತಲೇ ಕೂತೆ. ಕಣ್ಣು ಉರಿಯತೊಡಗಿದವು.

"ಮಶೀನ್ಯಾಗ ಏನೋ ಐತಿ," ಅಂದೆ.

"ಮಶೀನು ಹೊಸಾದು. ಮನ್ಯಾಗ ಕೂಗಿದ್ದು ನೀನ ಕೇಳಿಯಲ್ಲ. ಮೀನ ಕಚ್ಚೇ ಇಲ್ಲ."

"ಹಂಗಾರ ಹಿಟ್ಟು ಯಾರ ತಿಂದ್ರು? ನಾ ತಿಂದ್ನೇನು?"

"ಕರಗಿರಬೇಕು. ಹಿಟ್ಟು ನಾದಿದ್ದು ಇದ ಕೈ ಅಲ್ಲೇನು? ಗಟ್ಟಿ ಆತೋ, ಮೆತ್ತಗಾತೋ, ನನಗೇನ ತಿಳೀತೈತಿ?"

ಬಿಸಿಲು ಬೆನ್ನಿಗೆ ಬಂತು. ನೀರಿನ ಮೇಲೆ ಗಾಳಿ ಎದ್ದಿತು. ಅವನು ಎದ್ದು ನಿಂತ.

"ನಡಿ. ಸಾಕಾತು. ದಿನಾ ಒಂದೊಂದು ಹೋಗತೈತಿ ಲಗಮಾ. ಇವತ್ತ ಇದು."

ಅವನು ರೀಲು ತಿರುಗಿಸುತ್ತ, ಒದ್ದೆ ದಾರವನ್ನು ಎಡಗೈ ಬೆರಳುಗಳ ನಡುವೆ ಹಿಡಿದು ನೀರು ಒರೆಸತೊಡಗಿದ. ಅದು ಅವನ ಹಳೆಯ ಪದ್ಧತಿ. ಮನೆಗೆ ಹೊರಡುವಾಗ ಹಸಿ ದಾರವನ್ನು ರೀಲಿಗೆ ಸುತ್ತುವವನಲ್ಲ. ಒಮ್ಮೆಲೇ ಕೈ ನಿಂತಿತು.

"ಲಗಮಾ," ಅಂದ. ದನಿ ಸಣ್ಣದಾಗಿತ್ತು. "ಕೈ ಕೊಯ್ದೈತೇನ ನೋಡು."

ಅವನ ತೋರುಬೆರಳು, ಹೆಬ್ಬೆರಳು ಎರಡೂ ಕೆಂಪಾಗಿದ್ದವು. ಡಾಕ್ಟರು ಹೇಳಿದ್ದು ಇಬ್ಬರಿಗೂ ನೆನಪಾಯಿತು. ನೈಲಾನ್ ದಾರ ಬ್ಲೇಡಿನಂತೆ ಕೊಯ್ಯಬಲ್ಲದು, ಮತ್ತು ಇವನಿಗೆ ಗೊತ್ತಾಗುವುದಿಲ್ಲ. ಅವನನ್ನು ಕೂಡಿಸಿ, ಬಾಟಲಿಯ ನೀರು ಹಾಕಿ ತೊಳೆದೆ. ಒಂದೊಂದೇ ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದೆ. ಅವನು ಮುಖ ಆಚೆ ತಿರುಗಿಸಿದ್ದ. ಎಲ್ಲೂ ಗಾಯವಿಲ್ಲ. ಕೆಂಪು ಈಗ ನನ್ನ ಕೈಗೂ ಹತ್ತಿತ್ತು. ಮೂಸಿ ನೋಡಿದೆ.

"ರಕ್ತ ಅಲ್ಲೋ ಇದು. ಕುಂಕುಮ."

ಇಬ್ಬರೂ ಅಲಾರಾಂ ಕಡೆ ನೋಡಿದೆವು. ಕನ್ನಡಕ ಹಾಕಿಕೊಂಡು ಬಗ್ಗಿದೆ. ವಿಭೂತಿ, ಕುಂಕುಮ, ತೆಂಗಿನ ನೀರಿನ ಅಂಟು ಎಲ್ಲ ಕೂಡಿ ಸಣ್ಣ ಗಾಲಿಯ ಸುತ್ತ ಗೋಡೆಗೆ ಗಿಲಾಯಿ ಮೆತ್ತಿದಂತೆ ಗಟ್ಟಿಯಾಗಿ ಕೂತಿದ್ದವು. ಗಾಲಿ ಅಲುಗುತ್ತಿರಲಿಲ್ಲ. ಬೆಳಗಿನಿಂದ ಮೀನು ಎಳೆದಾಗೆಲ್ಲ ದಾರ ಅದರ ಮೇಲೆ ಸುಮ್ಮನೆ ಜಾರಿ ಹೋಗಿತ್ತು.

ಮಡಿವಾಳೆಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ. ಮೊದಲು ಉಸಿರು ಬಿಟ್ಟ, ಆಮೇಲೆ ನಗು ಬಂತು; ನಗಲೂ ತ್ರಾಣವಿಲ್ಲದವನ ನಗು.

"ಗಾಲಿಗೆ ಹಚ್ಚರಿ ಅಂದಾವ ನೀನ."

"ಬಸ್ಸಿನ ಗಾಲಿ ಎಷ್ಟ ಹಚ್ಚಿದ್ರೂ ತಿರಗತಿತ್ತಪಾ."

"ಅಕಿಗೆ ಹೇಳಬ್ಯಾಡ."

"ನನಗೇನ ಹುಚ್ಚ ಹಿಡದೈತೇನು?"

ಜಾಲಿ ಮುಳ್ಳೊಂದನ್ನು ಮುರಿದು ತಂದು, ನೀರು ಹಾಕಿ ಕೆರೆದೆ. ಅಂಗಿಯ ತುದಿಯಿಂದ ಒರೆಸಿ ಉಗುರಿನಿಂದ ಗಾಲಿ ತಳ್ಳಿದೆ. ಅದು ಕೂಗಿದ ರಭಸಕ್ಕೆ ಹತ್ತಿರದಲ್ಲಿ ನಿಂತಿದ್ದ ಬೆಳ್ಳಕ್ಕಿ ಎದ್ದು ಹೋಯಿತು.

"ಹೋಗೂಣೇನು?" ಕೇಳಿದೆ. ನನ್ನ ಸೊಂಟ ಹೋಗೋಣ ಅನ್ನುತ್ತಿತ್ತು.

"ಹಿಟ್ಟು ಉಳದೈತಿ," ಅಂದ.

ಗಾಳ ಬಿದ್ದು ಸ್ವಲ್ಪ ಹೊತ್ತಿಗೇ ಅಲಾರಾಂ ಕೂಗಿತು. ಮಡಿವಾಳೆಪ್ಪ ರಾಡು ಎತ್ತುವ ಬದಲು, ಹಳೆಯ ರೂಢಿಯಂತೆ ಎಡಗೈ ಚಾಚಿ ದಾರದ ಮೇಲೆ ಬೆರಳಿಟ್ಟ. ಬೆರಳು ಹೇಳುವುದನ್ನು ಕಾಯುತ್ತ ಕೂತ. ಬೆರಳು ಏನೂ ಹೇಳಲಿಲ್ಲ. ಕೂಗು ನಿಂತಿತು. ಬರಿ ಮುಳ್ಳು ಬಂತು.

"ಬೆರಳಿಗೆ ಕೇಳಬ್ಯಾಡೋ ಮಾರಾಯಾ. ಅದು ರಿಟೈರ್ ಆಗೈತಿ. ಕಿವಿಗೆ ಕೇಳು."

ಅವನು ಸಿಟ್ಟಾಗಲಿಲ್ಲ. ಹಿಟ್ಟು ಸಿಕ್ಕಿಸಿ ಮತ್ತೆ ಬೀಸಿದ. ಕೂತ ಮೇಲೆ ಎಡಗೈಯನ್ನು ತನ್ನ ತೊಡೆಯ ಕೆಳಗೆ ಇಟ್ಟು, ಅದರ ಮೇಲೆ ಭಾರ ಹಾಕಿ ಕೂತ. ತಂಟೆ ಮಾಡುವ ಮಗುವನ್ನು ಹಿಡಿದು ಕೂಡಿಸಿದ ಹಾಗೆ. ಬಲಗೈ ರಾಡಿನ ಹಿಡಿಕೆಯ ಹತ್ತಿರ. ಗಾಳಿಗೆ ಅಲಾರಾಂ ಒಂದೆರಡು ಸಲ ಚಿಂವ್ ಅಂದಿತು, ಅವನು ಅಲುಗಲಿಲ್ಲ. ಆಮೇಲೆ ಅದು ಬಿಡದೆ ಕೂಗಿತು. ನನಗೆ ಮಂದಗಿವಿಯಲ್ಲೂ ಕೇಳಿಸಿತು. ಅವನ ಭುಜ ಎದ್ದಿತು, ರಾಡು ಬಾಗಿತು.

ದೊಡ್ಡದೇನಲ್ಲ, ಗೇಣುದ್ದದ ಗೆಂಡೆ ಮೀನು. ದಂಡೆಗೆ ಎಳೆದು, ಎರಡೂ ಕೈಯಲ್ಲಿ ಹಿಡಿದು, ಜಾರದಂತೆ ಅದನ್ನೇ ದಿಟ್ಟಿಸುತ್ತ ನಿಂತ.

"ತಣ್ಣಗೈತೇನು?" ಎಂದು ನನ್ನನ್ನು ಕೇಳಿದ.

ನಾನು ಮೀನನ್ನು ಮುಟ್ಟಿದೆ. "ತಣ್ಣಗೈತಿ."

"ಹ್ಞಾಂ," ಅಂದು ನನ್ನ ಚೀಲಕ್ಕೆ ಹಾಕಿದ.

ಹಿಂತಿರುಗಿ ಬರುವಾಗ ಕೆಸರಿನ ಮೇಲೆ ಅಲ್ಲಲ್ಲಿ ನಿಂತು ಸುಧಾರಿಸಿಕೊಂಡೆವು. ಅವನ ಮನೆಯ ಹಿತ್ತಲಲ್ಲಿ ನಾನೇ ತಂಬಿಗೆಯಿಂದ ಅವನ ಕೈಗೆ ನೀರು ಹಾಕಿದೆ. ಉಗುರಿನ ಸಂದಿಯ ಕೆಂಪು ಪೂರ್ತಿ ಹೋಗಲಿಲ್ಲ. ಯಲ್ಲವ್ವ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಕೇಳಿದಳು:

"ಕೂಗಿತೇನ್ರಿ?"

"ಕೂಗಿತು."

"ಮಶೀನ ಹಚ್ಚಿದಾಗಿಂದನ ಕೂಗಿತೇನು?"

ಮಡಿವಾಳೆಪ್ಪ ಟವೆಲಿನಿಂದ ಮುಖ ಒರೆಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ. "ಹ್ಞೂಂ," ಅಂದ ಅದರೊಳಗಿಂದ.

ರಾಡು ಈಗಲೂ ನನ್ನ ಅಟ್ಟದ ಮೇಲೇ ಇದೆ. ಅಲಾರಾಂ ಮಾತ್ರ ಅವನ ಮನೆಯ ದೇವರ ಜಗಲಿಯ ಮೇಲೆ. ಹೋದ ವಾರ ಹೊರಡುವ ಹೊತ್ತಿಗೆ ಯಲ್ಲವ್ವ ಮತ್ತೆ ಕುಂಕುಮದ ತಾಟು ತಂದಳು. ಮಡಿವಾಳೆಪ್ಪ ಬೇಡ ಅನ್ನಲಿಲ್ಲ. ಸಣ್ಣ ಗಾಲಿಯ ಮೇಲೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿಟ್ಟು, ಅಲಾರಾಂ ಮುಂದೆ ಹಿಡಿದ. ಅವಳು ಅದರ ಹಣೆಗೆ ಹಚ್ಚಿದಳು, ಬೆನ್ನಿಗೆ ಹಚ್ಚಿದಳು. ಗಾಲಿ ಕಾಣದಿದ್ದಕ್ಕೆ ಅವನ ಹೆಬ್ಬೆರಳ ಉಗುರಿನ ಮೇಲೂ ಒಂದು ಬೊಟ್ಟು ಇಟ್ಟಳು.

ಅವನಿಗೆ ಅದು ಗೊತ್ತಾಗಲಿಲ್ಲ. ಹಿನ್ನೀರಿನ ದಂಡೆಯಲ್ಲಿ ಕೂತ ಮೇಲೆ ನಾನು ತೋರಿಸಿದೆ.