ಅಗಲದ ಕೊರಳಪಟ್ಟಿ

ಉಣ್ಣೆಗೆ ಚುಚ್ಚಿದಷ್ಟೂ ಬುದ್ಧಿ ಬರುತ್ತದೆ, ಮನುಷ್ಯರಿಗೆ ಎಷ್ಟು ಚುಚ್ಚಿದರೂ ಬರುವುದಿಲ್ಲ ಎನ್ನುವುದು ಅಕ್ಕನ ಹಳೆಯ ಮಾತು. ಬೀದಿಗೆಲ್ಲ ಅವಳು ಅಕ್ಕನೇ, ಒಡಹುಟ್ಟಿದವಳು ಪುಟ್ಟಿಯೊಬ್ಬಳೇ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಇಬ್ಬರೂ ಸೇರಿ ಒಡವೆ ಮಾಡುತ್ತಿದ್ದರು. ಉಣ್ಣೆ ಅಕ್ಕನದು, ಮಣಿ ಪುಟ್ಟಿಯದು.

ಅಕ್ಕ ಉಣ್ಣೆಯ ಎಳೆಗಳನ್ನು ಒಂದರ ಮೇಲೊಂದು ಹಾಸಿ, ಬಿಸಿ ಸೋಪುನೀರು ಸುರಿದು, ತಿಕ್ಕಿ, ಸುರುಳಿ ಸುತ್ತಿ, ಮೇಜಿಗೆ ಬಡಿದು ಬಡಿದು ಪಟ್ಟಿ ಮಾಡುತ್ತಿದ್ದಳು. ಬಡಿತ ತಿಂದಷ್ಟೂ ಅದು ಕುಗ್ಗಿ ಗಟ್ಟಿಯಾಗುತ್ತಿತ್ತು. ಎತ್ತು ಕಟ್ಟಿ ಎಳೆದರೂ ಹರಿಯಲ್ಲ ಎಂದು ಅವಳಿಗೆ ಜಂಬ. ಆಮೇಲೆ ಏಳು ಸೂಜಿ ಕೂಡಿಸಿದ ಹಿಡಿಯಿಂದ ಬಣ್ಣದ ಎಳೆ ಚುಚ್ಚಿ ಚಿತ್ತಾರ ಕೂರಿಸುವುದು. ಆ ಸೂಜಿಗಳ ಮೈತುಂಬ ಸಣ್ಣ ಮುಳ್ಳು. ನೆಟ್ಟಗೆ ಹೋಗಬೇಕು, ನೆಟ್ಟಗೆ ಬರಬೇಕು. ಓರೆಯಾದರೆ ಟಕ್ಕನೆ ಮುರಿದು ತುದಿ ಒಳಗೇ ಉಳಿಯುತ್ತದೆ.

ಪುಟ್ಟಿ ಪಾಲಿಮರ್ ಕ್ಲೇ ಎಂಬ ಬಣ್ಣದ ಪ್ಲಾಸ್ಟಿಕ್ ಜೇಡಿ ನಾದಿ, ಮಣಿ ಉರುಳಿಸಿ, ಬಿಳಿ ಟೈಲ್ ಮೇಲೆ ಸಾಲಾಗಿಟ್ಟು ಓವನ್ನಿನಲ್ಲಿ ಬೇಯಿಸುತ್ತಿದ್ದಳು. ಅದಕ್ಕೆ ಮುಂಚೆ ಒಂದೊಂದು ಮಣಿಯನ್ನೂ ಬೆಳಕಿಗೆ ಹಿಡಿದು, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ತನ್ನ ಬೆರಳಿನ ಗುರುತು ಅಳಿಸುತ್ತಿದ್ದಳು. ಹಸಿಯಲ್ಲಿ ಉಳಿದ ಗುರುತು ಬೆಂದ ಮೇಲೆ ಹೋಗುವುದಿಲ್ಲ.

ಆ ಟೈಲ್ ತಂದುಕೊಟ್ಟವನು ಪುಟ್ಟಿಯ ಗಂಡ. ಟೈಲ್ಸ್ ಹಾಕುವ ಮೇಸ್ತ್ರಿ. ನಗುಮುಖ, ಬಾಯಿತುಂಬ ಅತ್ತಿಗೆ ಅತ್ತಿಗೆ ಎನ್ನುವ ಸಂಭಾವಿತ. ಓವನ್ ಕೆಟ್ಟರೂ ಅವನೇ ಬೇಕು, ಬಾಗಿಲು ಕೆಟ್ಟರೂ ಅವನೇ ಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಬೀದಿಯಲ್ಲಿ ಎಲ್ಲರಿಗೂ ಬಾಯಿಪಾಠ. ಬೇಕಾದ ಹೊತ್ತಿನಲ್ಲಿ ಒಬ್ಬರಿಗೂ ನೆನಪಾಗಲಿಲ್ಲ, ಅಷ್ಟೆ.

ಅಗಲದ ಕೊರಳಪಟ್ಟಿ ಶುರುವಾದದ್ದು ಪುಟ್ಟಿಯಿಂದ. ಬೆರಳಗಲದ ಪಟ್ಟಿ ಮಾಡುತ್ತಿದ್ದ ಅಕ್ಕನಿಗೆ ಒಂದು ದಿನ, "ಇನ್ನೂ ಸ್ವಲ್ಪ ಅಗಲ ಮಾಡಕ್ಕ" ಎಂದಳು. ಆಮೇಲೆ ಇನ್ನೂ ಸ್ವಲ್ಪ. ಆಮೇಲೆ ಕಿವಿಯ ಕೆಳಗಿನಿಂದ ಹೆಗಲ ತನಕ.

"ಏನೇ, ಜಿರಾಫೆಗೆ ಒಡವೆ ಮಾಡ್ತಿದ್ದೀವಾ?" ಎಂದು ಅಕ್ಕ ರೇಗಿಸಿದ್ದಳು.

"ಈಗ ಇದೇ ಫ್ಯಾಷನ್" ಎಂದು ಪುಟ್ಟಿ ತಾನೇ ಹಾಕಿಕೊಂಡು ಓಡಾಡಿದಳು. ಅವರ ಒಡವೆ ಮಾರುವ ಅಂಗಡಿಯಮ್ಮ ಅದನ್ನು ಕಂಡು ನನಗೂ ಬೇಕು ಎಂದಳು. ವರ್ಷ ತುಂಬುವುದರೊಳಗೆ ಊರಲ್ಲಿ ಎಷ್ಟೋ ಹೆಂಗಸರ ಕೊರಳಲ್ಲಿ ಅದೇ. ಬೇರೆ ಒಡವೆ ಕೇಳುವವರೇ ಇಲ್ಲವಾದರು.

ಅವತ್ತು ಬೆಳಗ್ಗೆ ಪುಟ್ಟಿ ತಡವಾಗಿ ಬಂದಳು. ಮಣಿಯ ಟೈಲನ್ನು ಓವನ್ನಿಗಿಟ್ಟು ಬೆನ್ನು ಹಾಕಿ ಕೂತಳು. ಅಕ್ಕನ ಕಣ್ಣು ಮೊದಲು ಬಿದ್ದದ್ದು ತಂಗಿಯ ಮೇಲಲ್ಲ, ಅವಳ ಕೊರಳಿನ ನೀಲಿ ಪಟ್ಟಿಯ ಮೇಲೆ. ಅದು ಎರಡು ಬೆರಳಷ್ಟು ಕುಗ್ಗಿತ್ತು. ಆ ಪಟ್ಟಿಯನ್ನು ಅಕ್ಕ ಅವಸರದಲ್ಲಿ ಪೂರ್ತಿ ಬಡಿಯದೆ ಬಿಟ್ಟಿದ್ದಳು. ಹಾಗೆ ಬಿಟ್ಟ ಉಣ್ಣೆ ಬಿಸಿನೀರು ಕಂಡರೆ ಮುದುಡಿಕೊಳ್ಳುತ್ತದೆ.

"ಬಿಸಿನೀರಿಗೆ ಹಾಕಿದ್ಯಾ ಇದನ್ನ? ಮಾಡಿ ಮುಗಿಸಿದ ಪಟ್ಟಿಗೆ ಬಿಸಿನೀರು ತೋರಿಸಬಾರ್ದು ಅಂತ ಈ ಕೋಣೆಯ ಗೋಡೆಗೂ ಗೊತ್ತಲ್ಲೇ."

"ಕಲೆ ಆಗಿತ್ತು. ಗಾಬರೀಲಿ ಹಾಕ್ಬಿಟ್ಟೆ."

"ಏನ್ ಕಲೆ?"

ಪುಟ್ಟಿ ಪಟ್ಟಿಯನ್ನು ಕಿವಿಯತ್ತ ಎಳೆದುಕೊಂಡಳು. ಅಕ್ಕ ಎದ್ದು ಹತ್ತಿರ ಹೋದಳು. ಪಟ್ಟಿಯ ಅಂಚಿನ ಮೇಲೆ, ಕಿವಿಯ ಬುಡದಲ್ಲಿ, ನಾಲ್ಕು ಬೆರಳು ಕಪ್ಪಗೆ ಮೂಡಿದ್ದವು. ಮಣಿಯ ಮೇಲೆ ಒಂದು ಬೆರಳಚ್ಚನ್ನೂ ಉಳಿಯಗೊಡದ ಹುಡುಗಿಯ ಕೊರಳಲ್ಲಿ ನಾಲ್ಕು. ಕಿವಿಯ ಹಿಂದೆ ಕೂದಲಿಗೆ ರಕ್ತ ಹೆಪ್ಪುಗಟ್ಟಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಅಕ್ಕನಿಗೆ ಬೇಕಾಗಿತ್ತು. ಇಷ್ಟು ದಿನ ತಾನು ಅಳತೆ ಹಿಡಿದು ಅಗಲ ಮಾಡಿದ್ದು ಮೇಸ್ತ್ರಿಯ ಕೈಗುರುತು ಮುಚ್ಚುವುದಕ್ಕೆ ಎಂದು ಅವಳಿಗೆ ಈಗ ಹೊಳೆಯಿತು.

"ಇವತ್ತು ನೀನು ಆ ಮನೆಗೆ ಹೋಗಲ್ಲ" ಎಂದಳು.

"ಬರ್ತಾನೆ ಅಕ್ಕ. ಹೋಗದಿದ್ರೆ ಕೊಂದೇಬಿಡ್ತೀನಿ ಅಂದಿದಾನೆ."

ಬಂದೂಬಿಟ್ಟ. ಮೆಟ್ಟಿಲಲ್ಲಿ ಸಿಳ್ಳೆ, ಬಾಗಿಲಲ್ಲಿ ನಗು.

"ಏನತ್ತಿಗೆ, ಇವಳು ಹೇಳ್ದೆ ಕೇಳ್ದೆ ಬಂದ್ಬಿಟ್ಟಿದಾಳೆ. ನಡಿಯೇ."

"ಅವಳು ಬರಲ್ಲ."

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ನಿಮಗ್ಯಾಕೆ?"

ಆ ಗಾದೆ ಕಟ್ಟಿದವನ ಕುತ್ತಿಗೆಯನ್ನು ಯಾರೂ ಅಮುಕಿರಲಿಕ್ಕಿಲ್ಲ.

"ಬರಲ್ಲ ಅಂದ್ನಲ್ಲ" ಎಂದಳು ಅಕ್ಕ.

ಮೇಸ್ತ್ರಿ ನಗುತ್ತಲೇ ಹಸಿ ಮಣಿಗಳ ತಟ್ಟೆಯನ್ನು ನೆಲಕ್ಕೆ ಸುರಿದು ಬೂಟಿನಲ್ಲಿ ಅರೆದ. ನಗುತ್ತಲೇ ಮೇಜು ಒದ್ದ. ಹಿಂದಿನಿಂದ ಪುಟ್ಟಿಯ ಕೊರಳಪಟ್ಟಿಗೆ ಕೈಹಾಕಿ ತಿರುಚಿ ಎತ್ತಿದಾಗ ನಗು ನಿಂತಿತು. ಪುಟ್ಟಿಯ ಹಿಮ್ಮಡಿ ನೆಲ ಬಿಟ್ಟಿತು. ಬಾಯಿ ತೆರೆದುಕೊಂಡಿತು, ಸದ್ದು ಬರಲಿಲ್ಲ. ಅಕ್ಕ ಎರಡೂ ಕೈಯಿಂದ ಪಟ್ಟಿ ಹಿಡಿದು ಎಳೆದಳು. ಬಿಸಿನೀರು ಕಂಡ ಉಣ್ಣೆ ಕಬ್ಬಿಣದಂತಾಗಿತ್ತು. ಅವಳ ಜಂಬದ ಉಣ್ಣೆಯೇ ಅವಳ ತಂಗಿಯ ಉಸಿರು ಕಟ್ಟಿಸುತ್ತಿತ್ತು. ಪುಟ್ಟಿಯ ತುಟಿ ನೀಲಿಯಾಗುತ್ತಾ ಬಂತು.

ಅಕ್ಕನ ಕೈಗೆ ಸಿಕ್ಕಿದ್ದು ಸೂಜಿಯ ಹಿಡಿ. ಪಟ್ಟಿ ಹಿಡಿದಿದ್ದ ಅವನ ಮುಷ್ಟಿಯ ಮೇಲೆ ಅದನ್ನು ಇಳಿಸಿದಳು. ಅವಳ ಕೈಗೆ ಗೊತ್ತಿದ್ದದ್ದು ಅದೊಂದೇ ಲಯ. ನೆಟ್ಟಗೆ ಒಳಗೆ, ನೆಟ್ಟಗೆ ಹೊರಗೆ, ಮತ್ತೆ ಒಳಗೆ. ಮುಳ್ಳು ಪ್ರತಿಸಲವೂ ಮಾಂಸದ ಎಳೆ ಕಿತ್ತುಕೊಂಡು ಬರುತ್ತಿತ್ತು. ಅವನು ಅರಚುತ್ತ ಕೈ ಕೊಡವಿದಾಗ ಸೂಜಿಗಳು ಒಂದಾದಮೇಲೊಂದು ಮುರಿದು ಒಳಗೇ ಉಳಿದವು. ಮುಷ್ಟಿ ಬಿಚ್ಚಿತು. ಪುಟ್ಟಿ ಕೆಳಗೆ ಬಿದ್ದಳು.

ಇನ್ನೊಂದು ಕೈಯಿಂದ ಅವನು ಅಕ್ಕನ ಬಾಯಿಗೆ ಗುದ್ದಿದ. ಮುಂದಿನ ಹಲ್ಲು ಮುರಿದು ನಾಲಿಗೆಯ ಮೇಲೆ ಬಂತು. ಕೆಡವಿ ಪಕ್ಕೆಗೆ ಒದ್ದ. ಮತ್ತೆ ಒದೆಯಲು ಕಾಲೆತ್ತಿದ.

ಓವನ್ನಿನ ಬಾಗಿಲು ತೆರೆದ ಸದ್ದಾಯಿತು. ಪುಟ್ಟಿ ಕಾದ ಟೈಲನ್ನು ಬರಿಗೈಯಲ್ಲಿ ಎಳೆದಳು. ಮಣಿಗಳು ನೆಲದ ತುಂಬ ಚೆಲ್ಲಾಡಿದವು. ಅವಳ ಅಂಗೈ ಸುಟ್ಟ ವಾಸನೆ ಅಕ್ಕನಿಗೆ ಬಂತು. ಪುಟ್ಟಿ ಟೈಲ್ ಬಿಡಲಿಲ್ಲ. ಅವನು ತಿರುಗಿದ್ದೇ ತಡ, ಅದನ್ನು ಅವನ ಮುಖಕ್ಕೆ ಅಪ್ಪಳಿಸಿದಳು. ಟೈಲ್ ಎರಡು ಹೋಳಾಯಿತು. ಕೈಯಲ್ಲುಳಿದ ಹೋಳಿನಿಂದ ಇನ್ನೊಮ್ಮೆ ಹೊಡೆದಳು. ಮೇಸ್ತ್ರಿ ಮುಖ ಮುಚ್ಚಿಕೊಂಡು ಬಾಗಿಲ ಕಡೆ ತಡಕಾಡಿ, ಚೆಲ್ಲಿದ್ದ ಮಣಿಗಳ ಮೇಲೆ ಕಾಲಿಟ್ಟು ಜಾರಿ, ಮೆಟ್ಟಿಲುದ್ದಕ್ಕೂ ಉರುಳಿದ. ಸೈಕಲ್ ರಿಪೇರಿಯವನು ಓಡಿ ಬಂದು ಮೊದಲು ಅವನನ್ನು ನೋಡಿದ, ಆಮೇಲೆ ತಲೆಯೆತ್ತಿ, ಮೆಟ್ಟಿಲ ತುದಿಗೆ ಬಂದಿದ್ದ ಪುಟ್ಟಿಯ ಕೊರಳನ್ನು ನೋಡಿದ. ಪೊಲೀಸರಿಗೆ ಫೋನ್ ಮಾಡಿದವನು ಅವನೇ. ಅವರು ಬರುವ ತನಕ ಮೇಸ್ತ್ರಿಯ ಎದೆಯ ಮೇಲೆ ಮೊಣಕಾಲಿಟ್ಟು ಕೂತವನೂ ಅವನೇ.

ಅಕ್ಕ ಕತ್ತರಿ ಹಿಡಿದು ಪಟ್ಟಿಯನ್ನು ಇಷ್ಟಿಷ್ಟೇ ಕತ್ತರಿಸಿದಳು. ಅಡಿಯಲ್ಲಿ ಕಪ್ಪು, ಕಪ್ಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಹಳದಿ. ಹೊಸ ಪೆಟ್ಟು, ಹಳೆಯ ಪೆಟ್ಟು, ಅದಕ್ಕೂ ಹಳೆಯದು.

"ನನಗೆ ಹೇಳ್ಬಾರ್ದಿತ್ತೇನೇ?"

ಪುಟ್ಟಿ ಸುಟ್ಟ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದಳು. ಸ್ವರ ಒಡೆದಿತ್ತು.

"ಅಗಲ ಮಾಡು ಅಂದಾಗೆಲ್ಲ, ಯಾಕೆ ಅಂತ ಕೇಳ್ತೀಯಾ ಅಂತ ಕಾಯ್ತಿದ್ದೆ."

ಮುರಿದ ಹಲ್ಲಿಗಿಂತ ಆ ಮಾತು ಅಕ್ಕನನ್ನು ಹೆಚ್ಚು ನೋಯಿಸಿತು. ಅವಳು ತಂಗಿಯ ತಲೆಯನ್ನು ಎದೆಗೊತ್ತಿಕೊಂಡು ದೊಡ್ಡ ದನಿಯಲ್ಲಿ ಅತ್ತಳು.

ಮೇಸ್ತ್ರಿಯನ್ನು ಆಸ್ಪತ್ರೆಯಿಂದ ನೇರವಾಗಿ ಠಾಣೆಗೆ ಒಯ್ದರು. ಮರುದಿನ ಕೋಣೆ ಗುಡಿಸುತ್ತಿದ್ದಾಗ ಅಂಗಡಿಯಮ್ಮನ ಫೋನು ಬಂತು. ಅವಳಿಗೆ ಇದ್ಯಾವುದೂ ಗೊತ್ತಿರಲಿಲ್ಲ.

"ಅಕ್ಕ, ಒಬ್ರು ಬಂದಿದಾರೆ. ಹೋದ ತಿಂಗಳು ಪಟ್ಟಿ ತಗೊಂಡಿದ್ರು. ಈಗ ಅದಕ್ಕಿಂತ ಇನ್ನೊಂದು ಬೆರಳು ಅಗಲ ಬೇಕಂತೆ. ಆಗುತ್ತಾ?"

ಅಕ್ಕನ ಕೈಯಲ್ಲಿ ಪೊರಕೆ ನಿಂತಿತು. ಅವಳು ಪುಟ್ಟಿಯ ಕಡೆ ನೋಡಿದಳು. ಪುಟ್ಟಿಗೂ ಕೇಳಿಸಿತ್ತು.

"ಯಾಕೆ ಬೇಕಂತೆ?" ಎಂದಳು ಅಕ್ಕ.

"ಅಯ್ಯೋ, ಅದನ್ನೆಲ್ಲ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ. ಅವರನ್ನ ಈಗಲೇ ಇಲ್ಲಿಗೆ ಕರ್ಕೊಂಡು ಬನ್ನಿ."

ಪುಟ್ಟಿಯ ಎರಡೂ ಕೈಗೆ ಬ್ಯಾಂಡೇಜಿತ್ತು. ಅವಳು ಎದ್ದು, ಕುರ್ಚಿಯ ಮೇಲಿದ್ದ ಉಣ್ಣೆಯನ್ನು ಮೊಣಕೈಯಿಂದ ಸರಿಸಿ ಜಾಗ ಮಾಡಿದಳು.